ಅಲಗಿನ ಮೇಲಿನ ಹೆಸರು ಯಾರಿಗೆ ಬೇಕಿತ್ತು?

ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಕುಳಗೇರಿ ಕ್ರಾಸಿನಲ್ಲಿ ಬಾದಾಮಿಯ ಕಡೆ ಹೊರಳಿದರೆ ಮುಂದಿರುವುದು ಹೆಸರು ಕೊರೆಸಿದವರ ಸೀಮೆ. ಬಾದಾಮಿಯ ಬಂಡೆಯಲ್ಲಿ ಚಾಲುಕ್ಯ ದೊರೆ ಮೊದಲನೆಯ ಪುಲಕೇಶಿ, ಮೂರನೆಯ ಗುಹೆಯಲ್ಲಿ ಮಂಗಲೇಶ, ಪಟ್ಟದಕಲ್ಲಿನ ಗುಡಿಗಳಲ್ಲಿ ಶಿಲ್ಪಿಗಳು. ಇದು ಕತ್ತಿ ಕಠಾರಿಗಳ ಸೀಮೆಯೂ ಹೌದು. 1786ರ ಮೇ ತಿಂಗಳಲ್ಲಿ ಮರಾಠರ ಮತ್ತು ನಿಜಾಮನ ಪಡೆಗಳು ಟಿಪ್ಪುವಿನ ಕೈಯಲ್ಲಿದ್ದ ಬಾದಾಮಿ ಕೋಟೆಯನ್ನು ಮುತ್ತಿ ಗೆದ್ದವು. 1818ರಲ್ಲಿ ಬ್ರಿಟಿಷ್ ಸೇನಾನಿ ಥಾಮಸ್ ಮನ್ರೋ ಅದನ್ನು ಮರಾಠರಿಂದ ಕಸಿದುಕೊಂಡ. ಅಂಥ ಕಾಲದ ಒಂದು ಕಠಾರಿ ಸಿಕ್ಕಿತು, ಅದರ ಅಲಗಿನ ಮೇಲೆ ಒಬ್ಬ ವೀರನ ಹೆಸರಿದೆ ಎನ್ನೋಣ. ಆ ಹೆಸರನ್ನು ನಂಬಬೇಕೇ? ಆಯುಧಗಳ ಬರಹ ಪರೀಕ್ಷಿಸುವವರ ಕಸುಬು ಶುರುವಾಗುವುದು ಈ ಪ್ರಶ್ನೆಯಿಂದ. ಲೋಹ, ಲಿಪಿ, ತೇದಿ ಎಲ್ಲವನ್ನೂ ಅವರು ನೋಡುತ್ತಾರೆ. ಆದರೆ ಕೊನೆಗೆ ತೀರ್ಪು ನಿಲ್ಲುವುದು ಇನ್ನೊಂದು ವಿಚಾರಣೆಯ ಮೇಲೆ: ಆ ಹೆಸರು ಅಲ್ಲಿರುವುದು ಯಾರಿಗೆ ಬೇಕಿತ್ತು, ಯಾವಾಗ ಬೇಕಿತ್ತು?

ಮೊದಲು ಲೋಹದ ಸಾಕ್ಷಿ. ಹಳೆಯ ಅಲಗಿನ ಮೇಲೆ ಹೊಸ ಅಕ್ಷರ ಕೊರೆಯುವುದು ಸುಲಭ. ಕೊರೆದ ಗೆರೆಗೆ ವಯಸ್ಸು ತರುವುದು ಕಷ್ಟ. ಉಳಿ ಲೋಹವನ್ನು ಸೀಳಿದಾಗ ಗೆರೆಯ ಎರಡೂ ದಂಡೆಗಳಲ್ಲಿ ಲೋಹ ಸಣ್ಣಗೆ ಉಬ್ಬುತ್ತದೆ. ಆಯುಧ ಪೂಜೆಗೆಂದು ವರ್ಷವರ್ಷವೂ ಬೂದಿ ಹಚ್ಚಿ ತಿಕ್ಕಿದ ಕಠಾರಿಯಲ್ಲಿ ಈ ಉಬ್ಬು ಸವೆದು, ಅಕ್ಷರಗಳ ಅಂಚು ದುಂಡಗಾಗಿರುತ್ತದೆ. ಅಲಗೆಲ್ಲ ಸವೆದಿದ್ದು ಹೆಸರಿನ ಅಂಚು ಮಾತ್ರ ಚೂಪಾಗಿದ್ದರೆ ಅನುಮಾನ ಪಡಬೇಕು. ತುಕ್ಕು ತಿಂದ ಗುಳಿಯನ್ನು ಗೆರೆ ಕತ್ತರಿಸಿಕೊಂಡು ಹೋಗಿದ್ದರೆ ತುಕ್ಕು ಮೊದಲು, ಹೆಸರು ಆಮೇಲೆ. ಗೆರೆಯನ್ನೇ ಗುಳಿ ತಿಂದಿದ್ದರೆ ಹೆಸರು ಮೊದಲು. ಸೂಕ್ಷ್ಮದರ್ಶಕದಲ್ಲಿ ಈ ಹಿಂದುಮುಂದು ಸ್ಪಷ್ಟವಾಗಿ ಕಾಣುತ್ತದೆ. ಎರಡನೇ ಮಹಾಯುದ್ಧದ ಜರ್ಮನ್ ಅಧಿಕಾರಿಗಳ ಕಠಾರಿಗಳನ್ನು ಕೊಳ್ಳುವವರಿಗೂ ಇದೇ ಕಾಟ: ಕಠಾರಿ ಅಸಲಿ, ಬೆಲೆ ಏರಿಸಲು ಅದರ ಮೇಲೆ ಕೂರಿಸಿದ ಹೆಸರು ನಕಲಿ. ಅದಕ್ಕೇ ಪರೀಕ್ಷಕರು ವಸ್ತುವಿಗೊಂದು, ಬರಹಕ್ಕೊಂದು ಬೇರೆ ಬೇರೆ ತೀರ್ಪು ಕೊಡುತ್ತಾರೆ.

ಲಿಪಿ ಮತ್ತು ತೇದಿಯ ಸಾಕ್ಷಿ ಇನ್ನಷ್ಟು ಬಿಗಿಯಾದದ್ದು. ಟಿಪ್ಪು 1787ರ ಸುಮಾರಿಗೆ ಹಿಜರಿಯ ಬದಲು ಮೌಲೂದಿ ಎಂಬ ಹೊಸ ಕಾಲಗಣನೆ ತಂದ. ಅದರ ವರ್ಷದ ಅಂಕಿಗಳನ್ನು ನಾಣ್ಯಗಳ ಮೇಲೆ ಬಲದಿಂದ ಎಡಕ್ಕೆ ಬರೆಸಿದ. ಅದಕ್ಕೂ ಮೊದಲಿನದೆಂದು ಹೇಳುವ ಆಯುಧದಲ್ಲಿ ಮೌಲೂದಿ ವರ್ಷ ಕಂಡರೆ ಅಲ್ಲಿಗೆ ಮಾತು ಮುಗಿಯಿತು. ಆದರೆ ತೇದಿ ಸರಿಯಿದ್ದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಲಂಡನ್ನಿನ ಬೋನ್‌ಹ್ಯಾಮ್ಸ್ ಹರಾಜಿನಲ್ಲಿ 2023ರ ಮೇ 23ರಂದು ಸುಮಾರು 1.4 ಕೋಟಿ ಪೌಂಡಿಗೆ ಹೋದ ಟಿಪ್ಪುವಿನ ಖಡ್ಗವನ್ನೇ ನೋಡಿ. ಅದರ ಮೇಲೆ ಎರಡು ಬಗೆಯ ಬರಹಗಳಿವೆ. ದೊರೆಯ ಖಡ್ಗ ಎನ್ನುವ ಪಾರ್ಸಿ ಬರಹ ಒಂದು. ಶ್ರೀರಂಗಪಟ್ಟಣದ ಪತನದ ನಂತರ ಟಿಪ್ಪುವಿನ ಮಲಗುವ ಕೋಣೆಯಲ್ಲಿ ಸಿಕ್ಕಿದ್ದೆಂದೂ ಬ್ರಿಟಿಷ್ ಸೇನಾನಿ ಡೇವಿಡ್ ಬೇರ್ಡ್‌ಗೆ ಕೊಡಲಾಯಿತೆಂದೂ ಹೇಳುವ ಇಂಗ್ಲಿಷ್ ಬರಹ ಇನ್ನೊಂದು. ಈ ಎರಡನೆಯದು ನಕಲಿಯಲ್ಲ, ಆದರೆ ಟಿಪ್ಪುವಿನದೂ ಅಲ್ಲ. 1799ರ ಮೇ 4ರ ಆ ಪತನದ ನಂತರ ಗೆದ್ದವರಿಗೆ ತಮ್ಮ ಶೌರ್ಯದ ದಾಖಲೆ ಬೇಕಿತ್ತು, ಕೊರೆಸಿದರು. ಅದು ಬೇರ್ಡ್‌ಗೆ ಸಂದ ಗೌರವಕ್ಕೆ ನೇರ ಸಾಕ್ಷಿ, ಟಿಪ್ಪುವಿನ ಒಡೆತನಕ್ಕೆ ಗೆದ್ದವರ ಹೇಳಿಕೆ ಅಷ್ಟೆ. ಒಂದೇ ಆಯುಧದ ಎರಡು ಬರಹಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು.

ಈ ವಿವೇಕವನ್ನು ಕರ್ನಾಟಕಕ್ಕೆ ಕಲಿಸಿದ್ದು ಕತ್ತಿಗಳಿಗಿಂತ ಮೊದಲು ತಾಮ್ರಪಟಗಳು. ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸ ಬರೆದ ಜೆ.ಎಫ್. ಫ್ಲೀಟ್, ಅಸಲಿಗಳ ಜೊತೆಗೆ ಕೂಟಶಾಸನಗಳನ್ನೂ, ಅಂದರೆ ನಕಲಿ ಶಾಸನಗಳನ್ನೂ ಪಟ್ಟಿ ಮಾಡಿದರು. ಕೊಲ್ಹಾಪುರ ಸೀಮೆಯ ಅಲ್ತೆಂ ತಾಮ್ರಪಟ ಮೊದಲನೆಯ ಪುಲಕೇಶಿಯ ಹೆಸರಿನಲ್ಲಿದೆ, ತೇದಿ ಶಕ 411, ಅಂದರೆ ಕ್ರಿ.ಶ. 489, ಲಿಪಿ ಮಾತ್ರ ಶತಮಾನಗಳಷ್ಟು ಈಚಿನದು. ಫ್ಲೀಟ್ ಅದನ್ನು ತಳ್ಳಿಹಾಕಿದರು. ಅವರು ತೀರಿಕೊಂಡದ್ದು 1917ರಲ್ಲಿ. ಬಾದಾಮಿಯ ಬಂಡೆಶಾಸನ ಬೆಳಕಿಗೆ ಬಂದದ್ದು ಆಮೇಲೆ. ಪುಲಕೇಶಿ ಇಲ್ಲಿ ಕೋಟೆ ಕಟ್ಟಿದ್ದು ಶಕ 465, ಕ್ರಿ.ಶ. 543ರಲ್ಲಿ ಎಂದು ಅದು ಹೇಳುತ್ತದೆ. ಅವನ ಮಗ ಕೀರ್ತಿವರ್ಮ ಪಟ್ಟಕ್ಕೆ ಬಂದದ್ದು 566ರ ಸುಮಾರಿಗೆ. ತಾಮ್ರಪಟವನ್ನು ನಂಬಿದರೆ ಪುಲಕೇಶಿ ಎಪ್ಪತ್ತೇಳು ವರ್ಷ ಆಳಬೇಕಾಗುತ್ತದೆ! ಆ ಪಟ ಯಾರಿಗೆ ಬೇಕಿತ್ತು? ಭೂಮಿಯ ಹಕ್ಕಿಗೆ ಹಳೆಯ ದೊಡ್ಡ ಹೆಸರಿನ ಆಸರೆ ಬೇಕಿದ್ದವರಿಗೆ. ಸುಳ್ಳು ಬರಹ ತಾನು ಹೇಳಿಕೊಳ್ಳುವ ಕಾಲಕ್ಕಿಂತ ತನ್ನನ್ನು ಬಳಸಿಕೊಳ್ಳುವವರ ಕಾಲಕ್ಕೇ ಹೆಚ್ಚು ಹೊಂದುತ್ತದೆ.

ಅಸಲಿ ಬರಹ ಇದಕ್ಕೆ ತಿರುಗುಮುರುಗು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದಲ್ಲಿ ಅದನ್ನು ಕಟ್ಟಿದ ಗುಂಡನ್ ಅನಿವಾರಿತಾಚಾರಿಯ ಹೆಸರಿದೆ. ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಅದು. ಶಿಲ್ಪಿಗೆ ಅಲ್ಲಿ ಬಿರುದು ಕೊಟ್ಟು ಮರ್ಯಾದೆ ಮಾಡಿದ್ದಾರೆ. ಆ ಮರ್ಯಾದೆ ಬೇಕಿದ್ದದ್ದು ಅವನಿಗೆ, ಅವನ ಕಸುಬಿನವರಿಗೆ, ಆಗಲೇ. ಮುನ್ನೂರು ವರ್ಷ ಬಿಟ್ಟು ಅದನ್ನು ಹುಟ್ಟಿಸಿ ಲಾಭ ಪಡೆಯುವವರು ಯಾರೂ ಇಲ್ಲ. ಮೇಲಾಗಿ, ಅದೇ ವಿಕ್ರಮಾದಿತ್ಯನ ಕನ್ನಡ ಶಾಸನ ಕಂಚಿಯ ಕೈಲಾಸನಾಥ ದೇವಾಲಯದ ಕಂಬದ ಮೇಲೂ ಇದೆ. ಎರಡು ಊರುಗಳ ಎರಡು ಕಲ್ಲುಗಳು ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. ಅಲಗಿನ ಹೆಸರಿಗೂ ಇಂಥ ಹೊರಗಿನ ಸಾಕ್ಷಿ ಬೇಕು: ಸೇನಾ ಪಟ್ಟಿ, ಹರಾಜಿನ ಹಳೆಯ ಚೀಟಿ, ಮನೆತನದ ಕಾಗದಪತ್ರ.

ಯಾರಿಗೆ ಬೇಕಿತ್ತು ಎಂಬ ಈ ವಿಚಾರಣೆಗೆ ಆಕ್ಷೇಪಗಳಿವೆ. ಲಾಭ ಯಾರದೆಂದು ಕೇಳುತ್ತ ಹೋದರೆ ದೊಡ್ಡವರ ಹೆಸರಿರುವ ಆಯುಧವೆಲ್ಲ ಅನುಮಾನದ್ದೇ ಆಗುವುದಿಲ್ಲವೇ, ಟಿಪ್ಪು ತನ್ನ ಕತ್ತಿಗೆ ತಾನೇ ಹೆಸರು ಕೊರೆಸಿರಬಾರದೇ? ಖಂಡಿತ ಕೊರೆಸಿರಬಹುದು. ಲಾಭದ ಪ್ರಶ್ನೆ ತನ್ನಷ್ಟಕ್ಕೆ ಯಾವ ಬರಹವನ್ನೂ ಸುಳ್ಳಾಗಿಸುವುದಿಲ್ಲ. ಎಷ್ಟು ಪುರಾವೆ ಕೇಳಬೇಕೆಂದು ಗೊತ್ತುಮಾಡುತ್ತದೆ, ಅಷ್ಟೆ. ಯಾರೂ ಕೇಳರಿಯದ ಸಿಪಾಯಿಯ ಹೆಸರಿಗೆ ಕಡಿಮೆ ಪುರಾವೆ ಸಾಕು, ಏಕೆಂದರೆ ಅದನ್ನು ಸೃಷ್ಟಿಸಿ ಯಾರೂ ದುಡ್ಡು ಮಾಡಲಾರರು. ಹೆಸರು ದೊಡ್ಡದಾದಷ್ಟೂ ಪುರಾವೆ ಗಟ್ಟಿಯಾಗಬೇಕು. ಕೂಟಶಾಸನವೂ ಕಳೆದುಹೋದ ಅಸಲಿಯ ಪ್ರತಿಯಾಗಿರಬಹುದಲ್ಲ ಎಂಬುದು ಇನ್ನೊಂದು ಆಕ್ಷೇಪ. ಆಗಿರಬಹುದು. ಹಾಗಿದ್ದರೂ ಪ್ರತಿಯನ್ನು ಅದರ ಸ್ವಂತ ಕಾಲದ ದಾಖಲೆಯೆಂದೇ ಓದಬೇಕು; ಅದರೊಳಗಿನ ಹಳೆಯ ಸಂಗತಿಗೆ ಬೇರೆ ಕಡೆಯಿಂದ ಬೆಂಬಲ ಸಿಗುವವರೆಗೂ ಕಾಯಬೇಕು. ಪ್ರಯೋಗಾಲಯವೇ ಎಲ್ಲ ಹೇಳುವಾಗ ಈ ಇತಿಹಾಸದ ತರ್ಕವೇಕೆ ಎನ್ನುವವರೂ ಇದ್ದಾರೆ. ಗೆರೆ ಹಳೆಯದೋ ಹೊಸದೋ ಎಂಬುದನ್ನು ಯಂತ್ರ ಹೇಳೀತು. ಹಳೆಯ ಗೆರೆಯನ್ನು ಒಡೆಯ ಕೊರೆಸಿದನೋ, ಅವನನ್ನು ಕೊಂದವನು ಕೊರೆಸಿದನೋ ಎಂಬುದನ್ನು ಅದು ಹೇಳಲಾರದು.

ಹಾಗಾಗಿ ಮನೆಯಲ್ಲಿ ಹೆಸರಿರುವ ಹಳೆಯ ಕಠಾರಿ ಇದ್ದವರು ಹುಣಸೆಹಣ್ಣು ಹಚ್ಚಿ ಫಳಫಳಿಸುವ ಮುನ್ನ ಯೋಚಿಸಬೇಕು. ಉಜ್ಜಿ ತೆಗೆದ ಕೊಳೆಯ ಜೊತೆ ಗೆರೆಯ ವಯಸ್ಸೂ ಹೋಗುತ್ತದೆ. ವಸ್ತುಸಂಗ್ರಹಾಲಯಗಳು ಇಂಥವರ ಆಯುಧ ಎಂಬ ಒಂದೇ ಸಾಲಿನ ಫಲಕ ಬಿಟ್ಟು, ಅಲಗಿನ ಕಾಲ ಯಾವುದು, ಬರಹದ ಕಾಲ ಯಾವುದು, ಯಾವ ಆಧಾರದಿಂದ ಎಂದು ಮೂರು ಸಾಲು ಬರೆಯಬೇಕು. ಬರಹ ನಕಲಿಯೆಂದು ತೀರ್ಮಾನವಾದರೂ ಅದನ್ನು ಅಳಿಸಬಾರದು. ಅಲ್ತೆಂ ತಾಮ್ರಪಟ ಪುಲಕೇಶಿಯ ಬಗ್ಗೆ ನಂಬಲರ್ಹವಾದ ಏನನ್ನೂ ಹೇಳುವುದಿಲ್ಲ. ಆದರೆ ಶತಮಾನಗಳಾಚೆಗೂ ಆ ಹೆಸರಿನ ಬಲದಲ್ಲಿ ಭೂಮಿಯ ಹಕ್ಕು ಸಾಧಿಸಬಹುದೆಂದು ಜನ ನಂಬಿದ್ದರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪುರಾವೆ ಸಿಗುವುದು ಕಷ್ಟ.