ಗುರುವಿನ ಹೆಸರಿನ ರೂಪಾಯಿ

ನಮ್ಮ ಜವಳಗಿರಿ ಸೀಮೆಯ ಹಳೆಯ ಮನೆಗಳಲ್ಲಿ ದೇವರ ಗೂಡಿನ ಮಗ್ಗುಲಿಗೆ ಒಂದು ಸಣ್ಣ ಡಬ್ಬಿ ಇರುವುದುಂಟು. ಅರಿಸಿನ ಕುಂಕುಮ ಮೆತ್ತಿದ ಮೂರು ನಾಲ್ಕು ಬೆಳ್ಳಿ ರೂಪಾಯಿ, ಒಂದೆರಡು ತೂತಿನ ಕಾಸು, ಅದೃಷ್ಟವಿದ್ದರೆ ಟಿಪ್ಪುವಿನ ಕಾಲದ ಒಂದು ಆನೆ ಕಾಸು ಅದರೊಳಗಿರುತ್ತವೆ. ಲಕ್ಷ್ಮೀಪೂಜೆಯ ದಿನ ಇವು ಹೊರಬಂದು, ಹುಣಸೆಹಣ್ಣಿನಲ್ಲಿ ಮಿಂದು, ಪೂಜೆ ಮುಗಿದೊಡನೆ ಮತ್ತೆ ಒಳಸೇರುತ್ತವೆ. ತಲೆಮಾರುಗಳಿಂದ ಪೂಜೆಗೊಂಡ ಈ ನಾಣ್ಯಗಳ ಮೇಲೆ ಏನು ಬರೆದಿದೆ ಎಂದು ಓದಿ ನೋಡಿದವರು ಮಾತ್ರ ವಿರಳ. ಆನೆ ಕಾಸಿನ ಆನೆಯನ್ನು ಗುರುತಿಸಲು ನಮ್ಮವರಿಗೆ ಯಾರ ನೆರವೂ ಬೇಕಿಲ್ಲ; ಕಾಡಂಚಿನ ರಾಗಿ ಹೊಲಗಳಿಗೆ ಅದು ಇಂದಿಗೂ ಕರೆಯದೆ ಬರುವ ಅತಿಥಿ. ಆದರೆ 1799ರವರೆಗೆ ಈ ಹೊಸೂರು ಸೀಮೆ ಮೈಸೂರಿನ ಆಳ್ವಿಕೆಗೆ ಸೇರಿತ್ತೆಂಬ ಸಂಗತಿಗೆ ಆ ಕಾಸೇ ಸಾಕ್ಷಿ ಎಂಬುದು ಎಷ್ಟು ಜನರಿಗೆ ಹೊಳೆದಿದೆ?

ನಾಣ್ಯವನ್ನು ಮೊದಲು ಓದಬೇಕು, ಬೆಲೆಯ ಮಾತು ಆಮೇಲೆ. ಈ ಮಾತನ್ನು ಮನಗಾಣಿಸಲು ಸಿಖ್ ಧರ್ಮದ ಗುರುಗಳ ಸ್ಮರಣೆಗೆಂದು ಹೊರಟ ನಾಣ್ಯಗಳಿಗಿಂತ ಒಳ್ಳೆಯ ಉದಾಹರಣೆ ನಮಗೆ ತೋರಲಿಲ್ಲ. ಜವಳಗಿರಿಗೂ ಅಮೃತಸರಕ್ಕೂ ಏನು ನಂಟು ಎಂದು ವಾಚಕರು ಕೇಳಬಹುದು. ನಂಟು ಬೀದರಿನ ಮೂಲಕ ಬಂದುದು. ಗುರುನಾನಕರು ದಕ್ಷಿಣ ಯಾತ್ರೆಯಲ್ಲಿ ಬೀದರಿಗೆ ಬಂದಾಗ ಅಲ್ಲಿ ಸಿಹಿನೀರಿಗೆ ಬರವಿತ್ತೆಂದೂ, ಅವರು ಪಾದುಕೆಯಿಂದ ಬಂಡೆಯನ್ನು ಮುಟ್ಟಿದೊಡನೆ ಸಿಹಿನೀರಿನ ಬುಗ್ಗೆ ಚಿಮ್ಮಿತೆಂದೂ ಐತಿಹ್ಯ. ಆ ನೀರು ಇಂದಿಗೂ ಹರಿಯುತ್ತಿದೆ. ಆ ಸ್ಥಳವೇ ನಾನಕ್ ಝೀರಾ. 1699ರ ಬೈಸಾಖಿಯ ದಿನ ಆನಂದಪುರದಲ್ಲಿ ಗುರು ಗೋವಿಂದಸಿಂಹರು ಖಾಲ್ಸಾ ಪಂಥವನ್ನು ಸ್ಥಾಪಿಸಿ, ತಲೆ ಕೊಡಬಲ್ಲವರು ಯಾರೆಂದು ಕೇಳಿದಾಗ ಎದ್ದುನಿಂತ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಹರು ಬೀದರಿನವರು, ಕ್ಷೌರಿಕ ಕುಲದವರು ಎಂದು ಸಿಖ್ ಪರಂಪರೆ ಹೇಳುತ್ತದೆ. ಬೀದರಿನ ಸಮೀಪದ ಜನವಾಡ ಗ್ರಾಮದಲ್ಲಿ ವೀರಮಹಿಳೆ ಮಾಯಿ ಭಾಗೋ ತಮ್ಮ ಕೊನೆಯ ಕಾಲವನ್ನು ಕಳೆದರೆಂದು ನಂಬಿಕೆಯಿದೆ. ಕನ್ನಡ ನೆಲಕ್ಕೆ ಈ ಧರ್ಮ ಹೊರಗಿನದೆಂದು ಹೇಳುವಂತಿಲ್ಲ.

ಈಗ ನಾಣ್ಯದ ಮಾತಿಗೆ ಬರೋಣ. ಅರಸನಾದವನು ಮಾಡುವ ಮೊದಲ ಕೆಲಸಗಳಲ್ಲಿ ತನ್ನ ಹೆಸರಿನ ನಾಣ್ಯ ಹೊರಡಿಸುವುದೂ ಒಂದು. ರಾಜ್ಯ ಯಾರದೆಂದು ಸಾರಲು ಅದಕ್ಕಿಂತ ಸುಲಭವಾದ ಡಂಗುರವಿಲ್ಲ; ಸಂತೆಯ ಮುದುಕಿಯ ಎಲೆಯಡಿಕೆ ಚೀಲವನ್ನೂ ಅದು ಮುಟ್ಟುತ್ತದೆ. ಗುರು ಗೋವಿಂದಸಿಂಹರು 1708ರಲ್ಲಿ ನಾಂದೇಡಿನಲ್ಲಿ ಕಾಲವಾದ ಮೇಲೆ ಪಂಜಾಬಿನಲ್ಲಿ ದಂಡೆತ್ತಿದ ಬಂದಾ ಬಹಾದೂರರು 1710ರಲ್ಲಿ ಸರಹಿಂದವನ್ನು ಗೆದ್ದರು, ನಾಣ್ಯವನ್ನೂ ಹೊಡೆಸಿದರು. ಅದರಲ್ಲಿ ಅವರ ಹೆಸರಿರಲಿಲ್ಲ. ತಮಗೆ ದೊರೆತ ಬಲವೆಲ್ಲ ನಾನಕ ಗುರುವಿನದು, ಗೋವಿಂದಸಿಂಹರದು ಎಂಬ ಭಾವದ ಪಾರಸಿ ಬರಹ ಮಾತ್ರ ಇತ್ತು. ಬಂದಾ ಬಹಾದೂರರನ್ನು 1716ರಲ್ಲಿ ದಿಲ್ಲಿಯಲ್ಲಿ ಚಿತ್ರಹಿಂಸೆಗೊಳಿಸಿ ಕೊಂದರು. ಅವರ ನಾಣ್ಯಗಳು ಇಂದು ಸಿಗುವುದು ಅತಿ ವಿರಳ. ಆದರೆ ಅವರು ಹಾಕಿದ ಪದ್ಧತಿ ಅವರೊಡನೆ ಅಳಿಯಲಿಲ್ಲ. 1765ರಲ್ಲಿ ಸಿಖ್ ಸರದಾರರು ಲಾಹೋರನ್ನು ವಶಪಡಿಸಿಕೊಂಡಾಗ ಅಲ್ಲಿಯ ಟಂಕಸಾಲೆಯಿಂದಲೂ, ಮುಂದೆ ಅಮೃತಸರದಿಂದಲೂ ಹೊರಟ ರೂಪಾಯಿಗಳಲ್ಲಿ ಗುರುಗಳ ಹೆಸರೇ ಇತ್ತು. ಜನ ಅವನ್ನು ನಾನಕಶಾಹಿ ಎಂದು ಕರೆದರು.

ಇದಕ್ಕಿಂತ ದೊಡ್ಡ ಪರೀಕ್ಷೆ ಬಂದದ್ದು ರಣಜಿತಸಿಂಹನ ಕಾಲಕ್ಕೆ. 1799ರಲ್ಲಿ ಅವನು ಲಾಹೋರನ್ನು ಪಡೆದ. ಅದೇ ವರ್ಷ ಶ್ರೀರಂಗಪಟ್ಟಣ ಬಿದ್ದಿತೆಂಬುದನ್ನು ವಾಚಕರು ನೆನೆಯಬೇಕು. ಇತ್ತ ನಮ್ಮ ಸೀಮೆ ಕುಂಪಣಿಯ ಕೈಸೇರುತ್ತಿದ್ದಾಗ ಅತ್ತ ಒಂದು ಹೊಸ ರಾಜ್ಯ ತಲೆಯೆತ್ತುತ್ತಿತ್ತು. 1801ರಲ್ಲಿ ಮಹಾರಾಜನೆನಿಸಿಕೊಂಡ ರಣಜಿತಸಿಂಹ 1839ರಲ್ಲಿ ಸಾಯುವವರೆಗೆ ಪಂಜಾಬಿನ ಅದ್ವಿತೀಯ ಪ್ರಭು. ಕೋಹಿನೂರ್ ವಜ್ರವನ್ನು ತೋಳಿಗೆ ಕಟ್ಟಿಕೊಂಡವನು. ಅಂಥವನು ತನ್ನ ರೂಪಾಯಿಗೆ ತನ್ನ ಹೆಸರನ್ನು ಹಾಕಿಸಲಿಲ್ಲ. ಅವನ ನಾಣ್ಯಗಳಲ್ಲಿ ಗುರುಗಳ ಹೆಸರು, ಟಂಕಸಾಲೆಯ ಊರು, ವಿಕ್ರಮ ಸಂವತ್ಸರ, ಜೊತೆಗೆ ಒಂದು ಎಲೆಯ ಗುರುತು ಕಾಣುತ್ತವೆ, ಅರಸ ಕಾಣುವುದಿಲ್ಲ. 1849ರಲ್ಲಿ ಆ ರಾಜ್ಯ ಇಂಗ್ಲಿಷರ ಪಾಲಾಯಿತು. ಆ ಮೇಲೆ ಬಂದ ರೂಪಾಯಿಯ ಮೇಲೆ ವಿಕ್ಟೋರಿಯಾ ರಾಣಿಯ ಮುಖವಿತ್ತು.

ನಮ್ಮ ಕಡೆಯ ಅರಸರೂ ದೈವವನ್ನು ಮರೆತವರಲ್ಲ. ವಿಜಯನಗರದ ವರಾಹಗಳಲ್ಲಿ ಉಮಾಮಹೇಶ್ವರರು ಕುಳಿತಿದ್ದಾರೆ. ವೆಂಕಟಪತಿರಾಯನ ಹೊನ್ನಿನಲ್ಲಿ ವೆಂಕಟೇಶ್ವರನಿಗೆ ನಮಸ್ಕಾರವೇ ಬರಹವಾಗಿದೆ. ಹೈದರಾಲಿಯಂತೂ ಹಿಂದಿನ ಶಿವಪಾರ್ವತಿಯರ ಬಿಂಬವನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವೊಂದನ್ನು ಮಾತ್ರ ಒತ್ತಿಸಿದ. ಆ ಒಂದು ಅಕ್ಷರವನ್ನೂ ಬಿಟ್ಟುಕೊಡುವುದು ಎಷ್ಟು ಕಷ್ಟವೆಂಬುದನ್ನು ಯೋಚಿಸಿದರೆ ರಣಜಿತಸಿಂಹನ ರೂಪಾಯಿಯ ತೂಕ ತಿಳಿಯುತ್ತದೆ.

ಸ್ವತಂತ್ರ ಭಾರತ ಸ್ಮಾರಕ ನಾಣ್ಯಗಳನ್ನು ಆರಂಭಿಸಿದ್ದು 1964ರಲ್ಲಿ, ನೆಹರೂ ಅವರ ನಿಧನಾನಂತರ. ಇವುಗಳಲ್ಲಿ ಎರಡು ಬಗೆ. ಒಂದು, ಅಂಗಡಿ ಬಸ್ಸುಗಳಲ್ಲಿ ಚಲಾವಣೆಯಾಗುವಂಥದು. 2006ರ ಬಸವೇಶ್ವರರ ಐದು ರೂಪಾಯಿ ಹೀಗೆ ನಮ್ಮೆಲ್ಲರ ಕೈದಾಟಿ ಹೋಯಿತು. ಇನ್ನೊಂದು, ಸಂಗ್ರಾಹಕರಿಗೆಂದೇ ಟಂಕಸಾಲೆ ಮುಂಗಡ ಹಣ ಪಡೆದು ಪೆಟ್ಟಿಗೆಯಲ್ಲಿಟ್ಟು ಮಾರುವಂಥದು. ಸಿಖ್ ಗುರುಗಳ ಈಚಿನ ನಾಣ್ಯಗಳಲ್ಲಿ ಹೆಸರಾದವು ಎರಡನೆಯ ಬಗೆಯವು. ಗುರು ಗೋವಿಂದಸಿಂಹರ 350ನೆಯ ಜಯಂತಿಯ 350 ರೂಪಾಯಿ ನಾಣ್ಯ 2019ರ ಜನವರಿ 13ರಂದು ದಿಲ್ಲಿಯಲ್ಲಿ ಬಿಡುಗಡೆಯಾಯಿತು. ಗುರುನಾನಕರ 550ನೆಯ ಜಯಂತಿಗೆ 550 ರೂಪಾಯಿಯದು ಅದೇ ವರ್ಷದ ನವೆಂಬರಿನಲ್ಲಿ ಬಂತು. ಗುರು ತೇಗಬಹಾದೂರರು ಹುಟ್ಟಿದ 400ನೆಯ ವರ್ಷಕ್ಕೆ 400 ರೂಪಾಯಿ ನಾಣ್ಯವನ್ನು 2022ರ ಏಪ್ರಿಲ್ 21ರಂದು ಕೆಂಪುಕೋಟೆಯಲ್ಲಿ ಹೊರತಂದರು; 1675ರಲ್ಲಿ ಆ ಗುರುವಿನ ಶಿರಚ್ಛೇದವಾದ ಚಾಂದನಿ ಚೌಕ ಆ ಕೋಟೆಯ ಎದುರಿಗೇ ಇದೆ. ಅವರ ಬಲಿದಾನದ 350ನೆಯ ವರ್ಷದ ನೆನಪಿಗೆ 2025ರ ನವೆಂಬರ್ 25ರಂದು ಕುರುಕ್ಷೇತ್ರದಲ್ಲಿ ಇನ್ನೊಂದು ನಾಣ್ಯ ಬಿಡುಗಡೆಯಾಯಿತು.

350 ಮತ್ತು 550 ರೂಪಾಯಿಯ ನಾಣ್ಯಗಳು ಅಂಗೈ ತುಂಬುವಂಥವು: ಅಡ್ಡಳತೆ 44 ಮಿಲಿಮೀಟರು, ತೂಕ 35 ಗ್ರಾಂ. ಅದರಲ್ಲಿ ಅರ್ಧ ಬೆಳ್ಳಿ, ನೂರಕ್ಕೆ ನಲವತ್ತು ಪಾಲು ತಾಮ್ರ, ಉಳಿದುದು ನಿಕ್ಕಲ್ ಮತ್ತು ಸತು. ಅಂದರೆ ಒಂದು ನಾಣ್ಯದಲ್ಲಿ ಬೆಳ್ಳಿ ಹದಿನೇಳೂವರೆ ಗ್ರಾಂ. ಮುಖಬೆಲೆ 550 ಎಂದಿದ್ದರೂ ಆ ಹಣಕ್ಕೆ ಅದು ಸಿಗುವುದಿಲ್ಲ. ಟಂಕಸಾಲೆಯ ಮಾರಾಟದ ಬೆಲೆ ಅದಕ್ಕಿಂತ ಬಹಳ ಹೆಚ್ಚು. ಒಂದು ಬದಿಯಲ್ಲಿ ಸಿಂಹಸ್ತಂಭ. ಇನ್ನೊಂದು ಬದಿಯಲ್ಲಿ ಗುರುವಿನ ಮುಖವಿಲ್ಲ, ಗುರುದ್ವಾರವಿದೆ. 350ರ ನಾಣ್ಯದಲ್ಲಿ ಗೋವಿಂದಸಿಂಹರು ಹುಟ್ಟಿದ ಪಾಟ್ನಾದ ಹರಿಮಂದಿರ ಸಾಹಿಬ್; 550ರಲ್ಲಿ ಸುಲ್ತಾನಪುರ ಲೋಧಿಯ ಬೇರ್ ಸಾಹಿಬ್. ವಿಗ್ರಹಾರಾಧನೆಯನ್ನು ಒಪ್ಪದ ಧರ್ಮಕ್ಕೆ ಇದು ತಕ್ಕುದೆಂದು ನಮ್ಮ ಅಭಿಪ್ರಾಯ. ಸುಲ್ತಾನಪುರವನ್ನು ಆರಿಸಿದ್ದೂ ಉಚಿತವೇ. ಅಲ್ಲಿಯ ನವಾಬನ ಉಗ್ರಾಣದಲ್ಲಿ ನಾನಕರು ದವಸ ಅಳೆಯುವ ಕೆಲಸದಲ್ಲಿದ್ದರು. ಎಣಿಸುತ್ತಾ ಹದಿಮೂರಕ್ಕೆ ಬಂದಾಗ ಅವರು ಮುಂದೆ ಸಾಗದೆ ‘ತೇರಾ, ತೇರಾ’ ಎಂದೇ ಅಳೆದು ಕೊಟ್ಟರಂತೆ; ಆ ಭಾಷೆಯಲ್ಲಿ ಆ ಮಾತಿಗೆ ಹದಿಮೂರು ಎಂದೂ ಅರ್ಥ, ನಿನ್ನದು ಎಂದೂ ಅರ್ಥ. ಲೆಕ್ಕ ಮರೆತ ಉಗ್ರಾಣಿಯ ನೆನಪಿಗೆ ಸರಕಾರ ನಾಣ್ಯ ಹೊಡೆಸಿದ್ದು ಸ್ವಾರಸ್ಯವಲ್ಲವೇ!

ಈ 550 ರೂಪಾಯಿಯ ನಾಣ್ಯಕ್ಕೆ ಗಡಿಯಾಚೆ ಒಂದು ಜೋಡಿಯಿದೆ. ನಾನಕರು ತಮ್ಮ ಕೊನೆಯ ವರ್ಷಗಳನ್ನು ಉತ್ತು ಬಿತ್ತು ಕಳೆದು 1539ರಲ್ಲಿ ದೇಹಬಿಟ್ಟ ಕರ್ತಾರಪುರ ರಾವಿ ನದಿಯ ಬಳಿಯಲ್ಲಿದೆ. 1947ರಲ್ಲಿ ಎಳೆದ ಗೆರೆ ಅದನ್ನು ಪಾಕಿಸ್ತಾನಕ್ಕೆ ಸೇರಿಸಿತು. ಗಡಿಯಿಂದ ನಾಲ್ಕೈದು ಕಿಲೋಮೀಟರು ದೂರವಷ್ಟೇ. ಆದರೂ ಈಚೆಯ ಡೇರಾ ಬಾಬಾ ನಾನಕದಲ್ಲಿ ನಿಂತು ದುರ್ಬೀನಿನಿಂದ ದರ್ಶನ ಮಾಡಿ ಮರಳುವುದು ಭಕ್ತರ ಪಾಡಾಯಿತು. 2019ರಲ್ಲಿ ಪಾಕಿಸ್ತಾನವೂ ನಾನಕರ ಜಯಂತಿಗೆ 50 ರೂಪಾಯಿಯ ನಾಣ್ಯ ಹೊರಡಿಸಿ ಅದರ ಮೇಲೆ ಕರ್ತಾರಪುರದ ಗುರುದ್ವಾರವನ್ನು ಮೂಡಿಸಿತು. ನೇಪಾಳವೂ ಆ ವರ್ಷ ನಾನಕ ನಾಣ್ಯಗಳನ್ನು ತಂದಿತು. ನವೆಂಬರ್ 9ರಂದು ಕರ್ತಾರಪುರದ ದಾರಿ ತೆರೆಯಿತು. ನಮ್ಮ 550 ರೂಪಾಯಿಯ ನಾಣ್ಯ ಬಿಡುಗಡೆಯಾದದ್ದೂ ಅದೇ ದಿನ, ಡೇರಾ ಬಾಬಾ ನಾನಕದಲ್ಲಿಯೇ. ರೋಗದ ಕಾರಣ 2020ರ ಮಾರ್ಚಿಯಲ್ಲಿ ಮುಚ್ಚಿದ ಆ ದಾರಿ 2021ರ ನವೆಂಬರಿನಲ್ಲಿ ಮತ್ತೆ ತೆರೆಯಿತು. 2025ರ ಮೇ ತಿಂಗಳಲ್ಲಿ ಯುದ್ಧದ ಕಾವಿನಲ್ಲಿ ಭಾರತ ಅದನ್ನು ಮತ್ತೆ ನಿಲ್ಲಿಸಿತು. ಸಂಗ್ರಾಹಕನ ಪೆಟ್ಟಿಗೆಯಲ್ಲಿ ಮಾತ್ರ ಬೇರ್ ಸಾಹಿಬ್ ಮತ್ತು ಕರ್ತಾರಪುರ ಒಂದೇ ಮಖಮಲ್ಲಿನ ಮೇಲೆ ಅಕ್ಕಪಕ್ಕದಲ್ಲಿವೆ. ನಮ್ಮದು ಬಸ್ಸು ದಾಟುವ ಗಡಿ. ಆನೇಕಲ್ಲಿನ ನಂಟರ ಮದುವೆಗೆ ನಾವು ಯಾರ ಅಪ್ಪಣೆಯನ್ನೂ ಬೇಡುವುದಿಲ್ಲ. ಆದರೂ ಗೆರೆಯ ಈಚೆ ಉಳಿದವರ ಮನಸ್ಸು ಗೆರೆಯ ಆಚೆಯ ದೇವರನ್ನು ಹೇಗೆ ನೆನೆಯುತ್ತದೆಂಬುದನ್ನು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಕೊಳ್ಳುವ ಮನಸ್ಸಾದವರಿಗೆ ಎಚ್ಚರಿಕೆಯ ಮಾತೊಂದು. ಜಾತ್ರೆಗಳಲ್ಲಿಯೂ ನಗರದ ಬೀದಿಬದಿಯಲ್ಲಿಯೂ ‘ಹಳೆಯ ಸಿಖ್ ನಾಣ್ಯ’ ಎಂದು ಮಾರುವ ಬಿಲ್ಲೆಗಳುಂಟು. ಒಂದು ಬದಿಯಲ್ಲಿ ನಾನಕರು ತಮ್ಮ ಸಂಗಡಿಗರಾದ ಬಾಲಾ, ಮರ್ದಾನಾರೊಡನೆ ಕುಳಿತ ಚಿತ್ರ, ಇನ್ನೊಂದು ಬದಿಯಲ್ಲಿ ಗುರುಮುಖಿ ಬರಹ. ಕೆಲವದರಲ್ಲಿ 1804 ಎಂಬ ಸಂವತ್ಸರ. ವಿಕ್ರಮ ಸಂವತ್ಸರದಲ್ಲಿ 57 ಕಳೆದರೆ ನಮ್ಮ ಬಳಕೆಯ ಇಸವಿ ಬರುತ್ತದೆ, ಅಂದರೆ 1747. ಲಾಹೋರು ಸಿಖ್ಖರ ವಶವಾದದ್ದು ಅದಕ್ಕೂ ಹದಿನೆಂಟು ವರ್ಷ ತಡವಾಗಿ! ಇವು ನಮ್ಮ ರಾಮಟಂಕಗಳಂತೆ ಭಕ್ತಿಯ ಬಿಲ್ಲೆಗಳು. ಯಾವ ಸಂತೆಯಲ್ಲೂ ಹಣವಾಗಿ ನಡೆದವಲ್ಲ. ಭಕ್ತಿಯಿಂದ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ರಣಜಿತಸಿಂಹನ ರೂಪಾಯಿಯೆಂದು ಸಾವಿರಾರು ಹಣ ತೆರಬಾರದು. ನಿಜವಾದ ನಾನಕಶಾಹಿಯಲ್ಲಿ ಸಾಮಾನ್ಯವಾಗಿ ಮನುಷ್ಯರೂಪವಿರುವುದಿಲ್ಲ. 1818ನೆಯ ಇಸವಿಯ, ರಾಮಸೀತೆಯರ ಚಿತ್ರವಿರುವ ಕುಂಪಣಿಯ ‘ಅರ್ಧಾಣೆ’ಯೂ ಇದೇ ಜಾತಿಯದು, ಕುಂಪಣಿ ಅಂಥದನ್ನು ಹೊಡೆಸಿಯೇ ಇಲ್ಲ.

ಇದಕ್ಕಿಂತ ಕೆಟ್ಟದ್ದು ದೂರವಾಣಿಯ ಮೋಸ. ನಿಮ್ಮಲ್ಲಿರುವ ದೇವರ ಚಿತ್ರದ ನಾಣ್ಯಕ್ಕೆ ಲಕ್ಷಾಂತರ ರೂಪಾಯಿ ಕೊಡುತ್ತೇವೆ, ಮೊದಲು ತೆರಿಗೆಯ ಬಾಬ್ತು ಇಷ್ಟು ಕಳುಹಿಸಿ ಎಂದು ಕರೆ ಬರುತ್ತದೆ. ಹಳೆಯ ನಾಣ್ಯ ನೋಟುಗಳ ವ್ಯವಹಾರದಲ್ಲಿ ತನ್ನ ಹೆಸರು ಹೇಳಿ ಶುಲ್ಕ, ತೆರಿಗೆ ಕೇಳುವವರನ್ನು ನಂಬಬೇಡಿರೆಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿಯೇ ಪ್ರಕಟಣೆ ಹೊರಡಿಸಿದೆ. ಮಾರುವವನಿಂದ ಮೊದಲೇ ಹಣ ಕೇಳುವ ಕೊಳ್ಳುವವನು ಲೋಕದಲ್ಲಿ ಎಲ್ಲಿಯಾದರೂ ಉಂಟೇ?

ಇನ್ನು ಕಾಪಾಡುವ ಬಗೆ. ಹುಣಸೆಹಣ್ಣು, ಸೀಗೆಪುಡಿ, ಬೂದಿ ಇವು ಪಾತ್ರೆಗೆ ಸರಿ, ನಾಣ್ಯಕ್ಕಲ್ಲ. ಹಳೆಯ ನಾಣ್ಯದ ಮೇಲಿನ ಕಪ್ಪು ಕೊಳೆಯಲ್ಲ, ಕಾಲ ಕಟ್ಟಿದ ಪೊರೆ. ಅದನ್ನು ತಿಕ್ಕಿದರೆ ಅಕ್ಷರಗಳೂ ಸವೆಯುತ್ತವೆ, ಬೆಲೆಯೂ ಇಳಿಯುತ್ತದೆ. ಹೊಸ ಸ್ಮಾರಕ ನಾಣ್ಯಗಳನ್ನು ಟಂಕಸಾಲೆಯ ಪೆಟ್ಟಿಗೆಯಿಂದ ಹೊರತೆಗೆಯದಿರುವುದೇ ಒಳಿತು. ತೆಗೆದರೂ ಅಂಚನ್ನು ಮಾತ್ರ ಹಿಡಿಯಬೇಕು, ಬೆರಳಿನ ಬೆವರು ಬೆಳ್ಳಿಗೆ ಕಲೆ ಹಚ್ಚುತ್ತದೆ. ನಮ್ಮ ಕಾಡುಸೀಮೆಯ ಮಳೆಗಾಲದ ತೇವಕ್ಕೆ, ಔಷಧಿ ಡಬ್ಬಿಗಳಲ್ಲಿ ಬರುವ ತೇವ ಹೀರುವ ಸಣ್ಣ ಪೊಟ್ಟಣಗಳನ್ನು ಪೆಟ್ಟಿಗೆಯಲ್ಲಿಟ್ಟರೆ ಸಾಕು.

ಕೊನೆಯದಾಗಿ, ಪ್ರತಿ ನಾಣ್ಯದ ಜೊತೆಗೆ ಒಂದು ಚೀಟಿ ಇರಲಿ. ಯಾರ ನೆನಪಿನದು, ಯಾವ ವರ್ಷದ್ದು, ಮೇಲಿರುವ ಕಟ್ಟಡ ಯಾವುದು, ಎಲ್ಲಿ ಎಷ್ಟಕ್ಕೆ ಕೊಂಡದ್ದು, ಇಷ್ಟನ್ನು ಬರೆದಿಡಬೇಕು. ದೇವರ ಗೂಡಿನ ಡಬ್ಬಿಯ ಆನೆ ಕಾಸಿಗೂ ಒಂದು ಚೀಟಿ ಬರೆಯಬಹುದು. ಚೀಟಿ ಕನ್ನಡದಲ್ಲಿರಲಿ, ಮನೆಯ ಮಕ್ಕಳು ತಮಿಳು ಶಾಲೆಗೆ ಹೋಗುವವರಾದರೆ ಅದರ ಕೆಳಗೆ ತಮಿಳಿನಲ್ಲಿಯೂ ಒಂದು ಸಾಲು ಸೇರಿಸಿರಿ.