ಪೆಡಲ್ ಸ್ಟೀಲ್ ಗಿಟಾರಿನ ಶ್ರುತಿಯೂ ಪೆಡಲುಗಳ ಜೋಡಣೆಯೂ

ಗೋಟುವಾದ್ಯವನ್ನು ನುಡಿಸುವುದನ್ನು ಕಂಡಿರುವ ವಾಚಕರಿಗೆ ಸ್ಟೀಲ್ ಗಿಟಾರಿನ ತತ್ತ್ವವನ್ನು ಬಹಳವಾಗಿ ವಿವರಿಸಬೇಕಾಗಿಲ್ಲ. ವಾದ್ಯವನ್ನು ಅಡ್ಡಲಾಗಿಟ್ಟು, ಎಡಗೈಯಲ್ಲಿ ನುಣುಪಾದ ಉಕ್ಕಿನ ದಂಡವೊಂದನ್ನು ಹಿಡಿದು ತಂತಿಗಳ ಮೇಲೆ ಜಾರಿಸುತ್ತ, ಬಲಗೈಯಿಂದ ಮೀಟುತ್ತಾರೆ. ನಮ್ಮ ರಾಗಗಳು ಒಂದು ಕಾಲಕ್ಕೆ ಒಂದೇ ಸ್ವರವನ್ನು ಹಿಡಿದು ನಡೆಯುವುದರಿಂದ ಅಷ್ಟೇ ಸಾಕು. ಪಾಶ್ಚಾತ್ಯ ಸಂಗೀತಕ್ಕಾದರೋ ಮೂರು ನಾಲ್ಕು ಸ್ವರಗಳು ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು, ಎಂದರೆ ಕಾರ್ಡುಗಳು ಬೇಕು. ತೊಡಕು ಹುಟ್ಟುವುದು ಇಲ್ಲಿಯೇ. ದಂಡವು ನೇರವಾದದ್ದು, ಅದನ್ನು ಎಲ್ಲಿಗೆ ಸರಿಸಿದರೂ ತಂತಿಗಳೆಲ್ಲ ಒಂದೇ ಪ್ರಮಾಣದಲ್ಲಿ ಏರುತ್ತವೆ, ಇಳಿಯುತ್ತವೆ. ಸ-ಗ-ಪ ಎಂದು ಶ್ರುತಿಮಾಡಿದ ತಂತಿಗಳಿಂದ ದೊರೆಯುವುದು ಆ ಜಾತಿಯ ಗುಚ್ಛವೊಂದೇ. ದಂಡವನ್ನು ಓರೆಮಾಡಿ ಬೇರೆ ಕೆಲವನ್ನು ಪಡೆಯಬಹುದು. ಆದರೆ ಅದು ಕಷ್ಟದ ಕೈಚಳಕ.

ಹವಾಯಿಯ ಜೋಸೆಫ್ ಕೆಕುಕು ಅವರು 19ನೆಯ ಶತಮಾನದ ಕೊನೆಯಲ್ಲಿ ಬಳಕೆಗೆ ತಂದ ಈ ಕ್ರಮವು ಅಮೆರಿಕವನ್ನು ಸೇರಿದ ಮೇಲೆ, ವಾದಕರು ಶ್ರುತಿಗೊಂದರಂತೆ ಎರಡು ಮೂರು ಕೊರಳುಗಳುಳ್ಳ ವಾದ್ಯಗಳನ್ನು ಮಾಡಿಸಿಕೊಂಡರು. ಬಳಿಕ ಪೆಡಲು ಬಂದಿತು. ಮೊದಮೊದಲು ಅದು ಶ್ರುತಿಯನ್ನು ಬದಲಾಯಿಸುವ ಉಪಾಯ ಮಾತ್ರವಾಗಿತ್ತು. 1954ರಲ್ಲಿ ಜನಪ್ರಿಯವಾದ ವೆಬ್ ಪಿಯರ್ಸ್ ಅವರ ‘ಸ್ಲೋಲಿ’ ಎಂಬ ಹಾಡಿನಲ್ಲಿ ಬಡ್ ಐಸಾಕ್ಸ್ ಅವರು ತಂತಿಗಳು ನುಡಿಯುತ್ತಿರುವಾಗಲೇ ಪೆಡಲನ್ನು ತುಳಿದರು. ಒಂದು ತಂತಿ ನಿಶ್ಚಲವಾಗಿರಲು ಉಳಿದೆರಡು ಅದರ ಪಕ್ಕದಲ್ಲಿ ಜಾರಿದವು. ಅಂದಿನಿಂದ ಎಲ್ಲರಿಗೂ ಆ ನಾದವೇ ಬೇಕಾಯಿತು.

ಇಂದು ಹೆಚ್ಚಾಗಿ ಬಳಸುವುದು ಇ-ನೈನ್ತ್ ಎಂಬ ಹತ್ತು ತಂತಿಗಳ ಶ್ರುತಿಯನ್ನು. ಇ ಸ್ವರವನ್ನು ಷಡ್ಜವೆಂದಿಟ್ಟುಕೊಂಡರೆ, ವಾದಕನಿಂದ ದೂರದ ತಂತಿ ಮೊದಲ್ಗೊಂಡು ರಿ, ನಿ, ಗ, ಸ, ಪ, ಗ, ರಿ, ಸ, ನಿ, ಪ ಎಂದಾಗುತ್ತದೆ. ಗಾಂಧಾರ ಅಂತರ, ಎರಡನೆಯ ತಂತಿಯ ನಿಷಾದ ಕಾಕಲಿ, ಒಂಬತ್ತನೆಯದರದು ಕೈಶಿಕಿ. ಮೊದಲ ಎರಡು ತಂತಿಗಳು ಮೂರನೆಯದಕ್ಕಿಂತ ಕೆಳಗಿನ ಸ್ಥಾನದವೆಂಬುದು ವಿಚಿತ್ರವಾಗಿ ಕಾಣಬಹುದು. ಇವು ಬಡ್ಡಿ ಎಮನ್ಸ್ ಅವರು 1960ರ ದಶಕದ ಮೊದಲಲ್ಲಿ ಸೇರಿಸಿದವು. ಸ್ವರಗಳನ್ನು ಬಿಡಿಬಿಡಿಯಾಗಿ ನುಡಿಸಲು ಅನುಕೂಲ.

ಮೊದಲನೆಯ ಪೆಡಲು ಪಂಚಮವನ್ನು ಚತುಶ್ರುತಿ ಧೈವತಕ್ಕೆ ಏರಿಸುತ್ತದೆ; ಎರಡನೆಯದು ಗಾಂಧಾರವನ್ನು ಶುದ್ಧ ಮಧ್ಯಮಕ್ಕೆ. ಎರಡನ್ನೂ ತುಳಿದರೆ ಸ-ಗ-ಪ ಹೋಗಿ ಸ-ಮ-ಧ ಬರುತ್ತದೆ, ಎಂದರೆ ಮಧ್ಯಮವೇ ಮೂಲವಾದ ಗುಚ್ಛ. ದಂಡ ಕದಲಲಿಲ್ಲ, ಷಡ್ಜವೂ ಕದಲಲಿಲ್ಲ. ಮೊದಲನೆಯದನ್ನು ಮಾತ್ರ ತುಳಿದು, ಮೊಣಕಾಲಿನ ಸನ್ನೆಯಿಂದ ಷಡ್ಜವನ್ನು ಅರ್ಧಸ್ವರ ಏರಿಸಿದರೆ ಧೈವತ ಮೂಲವಾಗುತ್ತದೆ. ಹೀಗೆ ಒಂದೇ ಗುಚ್ಛವನ್ನು ಪೆಡಲಿಲ್ಲದೆ ಒಂದು ಮನೆಯಲ್ಲಿ, ಅಲ್ಲಿಂದ ಮೂರು ಮನೆ ಮೇಲೆ, ಏಳು ಮನೆ ಮೇಲೆ, ಮೂರು ಕಡೆ ಪಡೆಯಬಹುದು. ಇನ್ನೊಂದು ಸನ್ನೆ ಷಡ್ಜವನ್ನು ಕಾಕಲಿ ನಿಷಾದಕ್ಕೆ ಇಳಿಸುತ್ತದೆ. ಹೊಸಬರು ಕಷ್ಟಪಟ್ಟು ಸಂಪಾದಿಸಬೇಕಾದುದು ಇಷ್ಟೇ ಎಂದು ನಮ್ಮ ಅಭಿಪ್ರಾಯ; ಉಳಿದ ಸನ್ನೆಗಳು ಕಾಯಬಲ್ಲವು.

ಮನಸ್ಸಿಗೆ ಬಂದಂತೆ ಪೆಡಲುಗಳನ್ನು ಏರ್ಪಡಿಸಲಾಗದೆ? ಉಕ್ಕು ಒಪ್ಪುವುದಿಲ್ಲ. ತಂತಿಯ ಕಂಪನಸಂಖ್ಯೆಯು ಬಿಗಿತದ ವರ್ಗಮೂಲಕ್ಕೆ ಅನುಪಾತವಾಗಿರುವುದರಿಂದ, ಅರ್ಧಸ್ವರ ಏರಿಸಲು ಬಿಗಿತವನ್ನು ಸುಮಾರು ಶೇಕಡ 12ರಷ್ಟೂ, ಪೂರ್ಣಸ್ವರಕ್ಕೆ ಶೇಕಡ 26ರಷ್ಟೂ ಹೆಚ್ಚಿಸಬೇಕು. ಮೂರನೆಯ ತಂತಿಯ ದಪ್ಪ ಸುಮಾರು 0.28 ಮಿಲಿಮೀಟರು, ಉದ್ದ 61 ಸೆಂಟಿಮೀಟರು. ಸೆಕೆಂಡಿಗೆ 415 ಕಂಪನಗಳಿಗೆ ಶ್ರುತಿಮಾಡಿದಾಗ ಅದು ಹೊರುವ ಎಳೆತ 13 ಕಿಲೋಗ್ರಾಂ ತೂಕದಷ್ಟು. ಪೆಡಲು ತುಳಿದಾಗ 14ನ್ನು ಮೀರುತ್ತದೆ. ದಪ್ಪ ತಂತಿಯನ್ನು ಹಾಕಿದರಾಗದೆ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡಿದರೆ, ಅಡ್ಡಕೊಯ್ತದ ಪ್ರತಿ ಚದರ ಮಿಲಿಮೀಟರಿನ ಮೇಲೆ ಬೀಳುವ ಎಳೆತವು ಲೋಹದ ಸಾಂದ್ರತೆ, ತಂತಿಯ ಉದ್ದ, ಕಂಪನಸಂಖ್ಯೆ ಇವುಗಳನ್ನಷ್ಟೇ ಅವಲಂಬಿಸಿದೆ. ದಪ್ಪ ಅದರಲ್ಲಿ ಬರುವುದೇ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಕಡಿಯುವುದು ಈ ಮೂರನೆಯ ತಂತಿಯೇ. ಅದನ್ನು ಇನ್ನೂ ಮೇಲಕ್ಕೆ ಎಳೆಯುವ ಪೆಡಲನ್ನು ಬಯಸುವುದು ವ್ಯರ್ಥ.

ಇನ್ನೊಂದು ಸೂಕ್ಷ್ಮವಿದೆ. ಸ-ಮ-ಧ ಗುಚ್ಛವು ಇಂಪಾಗಿ ಕೂಡಬೇಕಾದರೆ ಧೈವತವು ಷಡ್ಜದ 5/3ರಷ್ಟಿರಬೇಕು. ಪಂಚಮದೊಡನೆ ಶುದ್ಧವಾಗಿ ಹೊಂದುವ ರಿಷಭ 9/8. ಅದೇ ರಿಷಭವನ್ನು ಈ ಧೈವತದೊಡನೆ ಮೀಟಿದರೆ 10/9 ಬೇಕೆನ್ನುತ್ತದೆ. ಇವೆರಡರ ಅಂತರ 81/80. ನಮ್ಮ ಶಾಸ್ತ್ರಕಾರರು ಪ್ರಮಾಣಶ್ರುತಿಯೆಂದು ಕರೆದದ್ದು ಇದನ್ನೇ! ಪೆಡಲು ತುಳಿದಾಗ ರಿಷಭದ ತಂತಿಯನ್ನೂ ಕಿಂಚಿತ್ತು ಇಳಿಸುವ ಸರಳೊಂದನ್ನು ಕೆಲವು ವಾದಕರು ಹಾಕಿಸಿಕೊಳ್ಳುತ್ತಾರೆ. ಉಳಿದವರು ಎರಡರ ನಡುವೆ ಒಂದೆಡೆ ಶ್ರುತಿಮಾಡಿ ತೃಪ್ತರಾಗುತ್ತಾರೆ.

ಜಾಸ್ ಮತ್ತು ವೆಸ್ಟರ್ನ್ ಸ್ವಿಂಗ್ ಸಂಗೀತಗಳಲ್ಲಿ ಒಲವಿರುವವರು ಸಿ-ಸಿಕ್ಸ್ತ್ ಶ್ರುತಿಯನ್ನು ಆರಿಸಿಕೊಳ್ಳುತ್ತಾರೆ. ಅದರಲ್ಲಿ ಸ-ಗ-ಪಗಳ ಜೊತೆಗೆ ಧೈವತವೂ ಮೊದಲೇ ಕೂಡಿರುವುದರಿಂದ ಗುಚ್ಛಗಳು ತುಂಬಿಕೊಂಡಿರುತ್ತವೆ. ಎರಡನ್ನೂ ಬಯಸುವವರಿಗೆ ಜೋಡಿ ಕೊರಳಿನ ವಾದ್ಯಗಳುಂಟು, ತೂಕವೂ ಉಂಟು.

ಇ-ನೈನ್ತ್ ಶ್ರುತಿಯನ್ನು ಆರಿಸಿಕೊಂಡವರು ಪೆಡಲುಗಳ ಅನುಕ್ರಮವನ್ನೂ ನಿಶ್ಚಯಿಸಬೇಕು. ಎಮನ್ಸ್ ಪದ್ಧತಿಯಲ್ಲಿ ಮೇಲೆ ಹೇಳಿದ ಮೊದಲನೆಯ ಪೆಡಲು ಎಡದ ತುದಿಯಲ್ಲಿರುತ್ತದೆ. ಜಿಮ್ಮಿ ಡೇ ಅವರ ಪದ್ಧತಿಯಲ್ಲಿ ಮೂರು ಪೆಡಲುಗಳ ಅನುಕ್ರಮವೇ ತಿರುವುಮುರುವು. ಎರಡರಿಂದಲೂ ಹೊರಡುವ ಸ್ವರಗಳು ಒಂದೇ. ಆದರೆ ಎರಡು ಪೆಡಲುಗಳನ್ನು ಒಟ್ಟಿಗೆ ತುಳಿದಿದ್ದು ಒಂದನ್ನು ಮಾತ್ರ ಬಿಡಬೇಕಾದಾಗ, ಪಾದವು ಒಂದರಲ್ಲಿ ಎಡಕ್ಕೂ ಇನ್ನೊಂದರಲ್ಲಿ ಬಲಕ್ಕೂ ವಾಲುತ್ತದೆ. ಕಾಲಿಗೆ ಒಮ್ಮೆ ಅಂಟಿದ ಅಭ್ಯಾಸವನ್ನು ಬಿಡಿಸುವುದು ಬಹು ಕಷ್ಟ. ವಾದ್ಯವನ್ನು ಕೊಳ್ಳುವ ಮುನ್ನ ಪೀಠದ ಮೇಲೆ ಕುಳಿತು, ಎಡಗಾಲು ಯಾವ ಕಡೆಗೆ ನೋವಿಲ್ಲದೆ ವಾಲುತ್ತದೆಂಬುದನ್ನು ಪರೀಕ್ಷಿಸಿಕೊಳ್ಳಬೇಕು.