ಸೋತ ಜಟಾಯುವಿನ ಬೆಟ್ಟದಲ್ಲಿ

ಬೇಡಿಕೊಂಡದ್ದು ಒಂದು, ಆದದ್ದು ಇನ್ನೊಂದು. ಹೀಗಾದ ಮೇಲೂ ಎಲ್ಲವೂ ದೇವರ ಕೈಯಲ್ಲಿದೆ ಎಂದು ನಂಬುವುದು ಹೇಗೆ? ಹಲವು ಧರ್ಮಗಳನ್ನು ಕಾಡಿದ ಪ್ರಶ್ನೆ ಇದು. ಬೈಬಲ್ಲು ಇದನ್ನು ಯೋಬನ ಕಥೆಯಲ್ಲಿ ಎತ್ತುತ್ತದೆ, ಹರಿಶ್ಚಂದ್ರನ ಕಥೆ ಸುಡುಗಾಡಿನಲ್ಲಿ ಎತ್ತುತ್ತದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅದಕ್ಕೆ ಒಂದು ಹಕ್ಕಿಯ ರೂಪವಿದೆ.

ಸೀತೆಯನ್ನು ಕದ್ದೊಯ್ಯುತ್ತಿದ್ದ ರಾವಣನನ್ನು ಅಡ್ಡಗಟ್ಟಿದ ಜಟಾಯು ರೆಕ್ಕೆ ಕತ್ತರಿಸಿಕೊಂಡು ಬಿದ್ದದ್ದು ಇಲ್ಲೇ ಎಂಬುದು ಸ್ಥಳೀಯರ ನಂಬಿಕೆ. ಇಲ್ಲಿನ ಲಿಂಗವನ್ನು ರಾಮನೇ ಸ್ಥಾಪಿಸಿದ ಎನ್ನುತ್ತಾರೆ. ಆಂಧ್ರದ ಲೇಪಾಕ್ಷಿಯಲ್ಲೂ ಕೇರಳದ ಚಡಯಮಂಗಲದಲ್ಲೂ ಇದೇ ಐತಿಹ್ಯವಿದೆ. ಯಾವ ಊರಿನ ಮಾತು ನಿಜ ಎಂಬ ತಕರಾರು ಇಲ್ಲಿ ಮುಖ್ಯವಲ್ಲ.

ಮುಖ್ಯವಾದದ್ದು ಜಟಾಯು ಸೋತ ಎಂಬುದು. ವಾಲ್ಮೀಕಿಯ ಅರಣ್ಯಕಾಂಡದಲ್ಲಿ ಆತ ದಶರಥನ ಗೆಳೆಯ, ವಯೋವೃದ್ಧ. ರಾವಣನ ಬಿಲ್ಲನ್ನೂ ರಥವನ್ನೂ ಮುರಿಯುತ್ತಾನೆ, ಆದರೆ ಸೀತೆಯನ್ನು ಬಿಡಿಸಲಾಗುವುದಿಲ್ಲ. ರಾಮ ಬರುವಷ್ಟರಲ್ಲಿ ಕಾದಾಟ ಮುಗಿದಿರುತ್ತದೆ. ಹಕ್ಕಿಗೆ ಮತ್ತೆ ರೆಕ್ಕೆ ಮೂಡುವುದಿಲ್ಲ, ಜೀವವೂ ಉಳಿಯುವುದಿಲ್ಲ. ಸಿಗುವುದು ರಾಮನ ಕೈಯಿಂದ ಅಂತ್ಯಸಂಸ್ಕಾರ. ಪವಾಡ ಮಾಡಿಸಲು ಇದಕ್ಕಿಂತ ಒಳ್ಳೆಯ ಜಾಗ ಕವಿಗೆ ಸಿಗುತ್ತಿರಲಿಲ್ಲ, ಆದರೂ ಮಾಡಿಸಲಿಲ್ಲ. ಸೀತೆಯನ್ನು ಒಯ್ದವನು ಯಾರು, ಯಾವ ದಿಕ್ಕಿಗೆ ಹೋದ ಎಂಬುದನ್ನು ರಾಮನಿಗೆ ತಿಳಿಸಿದವನು ಸಾಯುತ್ತಿದ್ದ ಈ ಜಟಾಯುವೇ. ಸೋತವನ ಕೆಲಸ ಕಥೆಯೊಳಗೆ ವ್ಯರ್ಥವಾಗಲಿಲ್ಲ. ಅದರಿಂದ ಮುಂದೇನಾಯಿತು ಎಂದು ನೋಡಲು ಮಾತ್ರ ಆತ ಬದುಕಿರಲಿಲ್ಲ. ಕಷ್ಟದಲ್ಲಿದ್ದವರಿಗೆ ‘ಎಲ್ಲ ಸರಿಹೋಗುತ್ತೆ’ ಎಂದುಬಿಡುವ ಅಗ್ಗದ ಸಮಾಧಾನ ಈ ಕಥೆಯಲ್ಲಿಲ್ಲ.

ಅದೇ ಬೆಟ್ಟದ ಬಂಡೆಯೊಂದರ ಮೇಲೆ ಬೇರೆಯೇ ಧಾಟಿಯ ಮಾತಿದೆ. ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನವದು. ಬ್ರಹ್ಮಗಿರಿ ಮತ್ತು ಸಿದ್ದಾಪುರದ ಶಾಸನಗಳ ಜೊತೆಗೆ ಇದನ್ನೂ 1892ರಲ್ಲಿ ಬೆಳಕಿಗೆ ತಂದವರು ಶಾಸನತಜ್ಞ ಬಿ.ಎಲ್. ರೈಸ್. ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತದಲ್ಲಿರುವ ಈ ಶಾಸನವನ್ನು ಬರೆದ ಚಪಡ ತನ್ನ ಹೆಸರಿನ ಮುಂದಿನ ‘ಲಿಪಿಕಾರ’ ಎಂಬುದನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಸ್ವರ್ಗ ದೊಡ್ಡವರ ಸೊತ್ತಲ್ಲ, ಶ್ರಮಪಟ್ಟರೆ ಸಣ್ಣವರಿಗೂ ದಕ್ಕುತ್ತದೆ ಎಂಬುದು ಶಾಸನದ ಸಾರ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು ಎಂದೂ ಅದು ಹೇಳುತ್ತದೆ. ಹಣೆಬರಹದ ಸುದ್ದಿಯನ್ನೇ ಅದು ಎತ್ತುವುದಿಲ್ಲ. ಆದರೆ ಅಕ್ಷರಗಳು ಬಹಳ ಸವೆದಿವೆ. ಜಾತ್ರೆಯಲ್ಲಿ ಬಳೆಗಾರರು ಆ ಬಂಡೆಯ ಮೇಲೇ ಅಂಗಡಿ ಹಾಕುತ್ತಿದ್ದರು. ಅದಕ್ಕೆ ‘ಬಳೆಗಾರ ಗುಂಡು’ ಎಂಬ ಹೆಸರು ಬಂದದ್ದೂ ಹಾಗೆಯೇ. ಚಕ್ರವರ್ತಿಯ ಆಜ್ಞೆಗೂ ಇಂಥ ಗತಿ ಬರುತ್ತದೆಂದು ಚಪಡ ಎಣಿಸಿರಲಾರ.

ಬೆಟ್ಟದ ಸುತ್ತಲಿನ ಸೀಮೆಯಲ್ಲಿ ಜಟಾಯುವಿನ ಕಥೆಯ ಮಾತೂ ಶಾಸನದ ಮಾತೂ ಕೂಡಿಯೇ ಬದುಕುತ್ತವೆ. ಚಳ್ಳಕೆರೆ, ಮೊಳಕಾಲ್ಮೂರು ರಾಜ್ಯದ ಅತಿ ಕಡಿಮೆ ಮಳೆಯ ತಾಲ್ಲೂಕುಗಳ ಸಾಲಿಗೆ ಸೇರಿದವು. ಇಲ್ಲಿನ ಶೇಂಗಾ ಬೆಳೆ ಮೋಡ ನಂಬಿದ್ದು. ಬಿತ್ತುವಾಗ ಬಂದ ಮಳೆ ಕಾಯಿ ಕಟ್ಟುವಾಗ ಕೈಕೊಟ್ಟರೆ ಸಾಲ ಉಳಿಯುತ್ತದೆ. ಆಗ ಊರಿನಲ್ಲಿ ಮಳೆರಾಯನ ಪೂಜೆಯಾಗುತ್ತದೆ, ‘ದೇವರು ಇಟ್ಟಂಗೆ ಆಗ್ತದೆ’ ಎಂಬ ಮಾತೂ ಕೇಳಿಬರುತ್ತದೆ. ಹೊರಗಿನವರಿಗೆ ಇದು ಕೈಚೆಲ್ಲಿದವರ ಮಾತಾಗಿ ಕೇಳಿಸಬಹುದು. ಹಾಗೆ ಅಂದವರೇ ಮುಂದಿನ ಮುಂಗಾರಿಗೆ ಬೀಜ ಹೊಂದಿಸುತ್ತಾರೆ. ಫಲ ತಮ್ಮ ಕೈಯಲ್ಲಿಲ್ಲ ಎಂದು ಒಪ್ಪಿದ್ದಾರೆಯೇ ಹೊರತು ಬಿತ್ತನೆಯನ್ನು ಅವರು ಬಿಟ್ಟಿಲ್ಲ. ಶರಣರು ಬಂದದ್ದನ್ನು ಪ್ರಸಾದವೆಂದು ಸ್ವೀಕರಿಸಲು ಹೇಳಿದ್ದೂ ಕಾಯಕ ಮಾಡಿದವರಿಗೇ.

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ನೆನಪೂ ಇದೇ ಬಗೆಯದು. ಬರದ ಸೀಮೆಯಲ್ಲಿ ಕೆರೆ ಕಟ್ಟಿಸಿದ ಸಂತ ಎಂದೇ ಜನ ಅವರನ್ನು ಸ್ಮರಿಸುತ್ತಾರೆ. ಮಣ್ಣು ಹೊತ್ತವರಿಗೆ ಅವರವರ ದುಡಿಮೆಗೆ ತಕ್ಕ ಕೂಲಿ ದೊರೆಯುತ್ತಿತ್ತೆಂಬುದು ಐತಿಹ್ಯ. ‘ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ಮಾತು ಈ ಭಾಗದಲ್ಲಿ ಮನೆಮಾತು. ಪ್ರತಿವರ್ಷ ಫಾಲ್ಗುಣದಲ್ಲಿ ನಡೆಯುವ ಅವರ ರಥೋತ್ಸವಕ್ಕೆ, ಮಳೆ ಬಂದಿರಲಿ ಬಾರದಿರಲಿ, ಜನ ಬಂದೇ ಬರುತ್ತಾರೆ.